ನನ್ನ ಕಂಪ್ಯೂಟರ್‌ನಲ್ಲಿ ಕೇಳುವ ರೇಡಿಯೊ ಪಟ್ಟಿ ಅಂಧ ಗೆಳೆಯರ ಹತ್ತಿರ ಯಾಕೆ ಕೆಲಸ ಮಾಡುತ್ತಿಲ್ಲ?

ಪ್ರಶ್ನೆ: ವಿಜಯಪುರದಿಂದ

ನಮಸ್ಕಾರ್ರೀ. ನಮ್ಮ ಓಣಿಯಲ್ಲಿ ಇಬ್ಬರು ಅಂಧ ಗೆಳೆಯರಿದ್ದಾರೆ. ಒಬ್ಬರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತವರು, ತಬಲಾ ನುಡಿಸುತ್ತಾರೆ. ಅವರದು ಆಂಡ್ರಾಯ್ಡ್ ಫೋನ್, ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುತ್ತಾರೆ. ಇನ್ನೊಬ್ಬರು ಲ್ಯಾಪ್‌ಟಾಪ್‌ನಲ್ಲಿ ಅಂಥದೇ ಎನ್‌ವಿಡಿಎ ತಂತ್ರಾಂಶ ಹಾಕಿಕೊಂಡು ಸುದ್ದಿ, ಕ್ರಿಕೆಟ್ ಕಾಮೆಂಟರಿ ಕೇಳುತ್ತಾರೆ.

ಇಬ್ಬರಿಗೂ ಅಂತ 46 ಇಂಟರ್ನೆಟ್ ರೇಡಿಯೊ ಲಿಂಕ್ ಕೂಡಿಸಿ ಒಂದು ಎಂ3ಯು ಫೈಲ್, ಅಂದರೆ ಪ್ಲೇಯರ್‌ಗಳು ಓದುವ ಲಿಂಕ್ ಪಟ್ಟಿ, ಮಾಡಿದೆ. ಆಕಾಶವಾಣಿ ಧಾರವಾಡ, ಬೆಂಗಳೂರಿನ ಅಮೃತವರ್ಷಿಣಿ, ವಿವಿಧ ಭಾರತಿ, ಜೊತೆಗೆ ಹೊರದೇಶದ ಕೆಲವು. ನನ್ನದು ವಿಂಡೋಸ್ 7 ಇರುವ ಹಳೇ ಕಂಪ್ಯೂಟರ್, ನೋಟ್‌ಪ್ಯಾಡ್‌ನಲ್ಲೇ ಟೈಪ್ ಮಾಡಿದ್ದು. ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿದಾಗ ಎಲ್ಲವೂ ಕೇಳಿಸಿದವು. ಧ್ವನಿ ಬರುತ್ತದಾ ಅಂತಷ್ಟೇ ನೋಡಿದ್ದೆ.

ಅವರಿಗೆ ಕಳಿಸಿದ ಮೇಲೆ ತೊಂದರೆ ಶುರುವಾಯಿತು. ಟಾಕ್‌ಬ್ಯಾಕ್ ಕನ್ನಡ ಹೆಸರು ಓದುವುದಿಲ್ಲ, ಬರೀ "ಕ್ವೆಶ್ಚನ್ ಮಾರ್ಕ್, ಕ್ವೆಶ್ಚನ್ ಮಾರ್ಕ್" ಅನ್ನುತ್ತದೆ. ಐದಾರು ಕೇಂದ್ರ ಮೊದಲ ದಿನ ಬಂದವು, ಮರುದಿನ ಇಲ್ಲ. ಎರಡು ಲಿಂಕ್ ಒತ್ತಿದರೆ ಹಾಡಿನ ಬದಲು ಯಾವುದೋ ಪುಟ ತೆರೆಯುತ್ತದೆ. ತಬಲಾದವರು ಪಾಪ, "ಬೇಕಾದ್ದು ಸಿಗೋದರೊಳಗೆ ಕಾರ್ಯಕ್ರಮ ಮುಗಿದಿರುತ್ತದೆ" ಅಂದರು. ಕೇಳಿ ಮನಸ್ಸಿಗೆ ಬೇಸರವಾಯಿತು. ಎಲ್ಲಿ ತಪ್ಪಿದ್ದೇನೆ, ದಯವಿಟ್ಟು ಹೇಳಿ.

ಉತ್ತರ: ಬಾಗಲಕೋಟೆಯಿಂದ

ನಾನೂ ಕಣ್ಣು ಕಾಣದವನು. ಹತ್ತು ವರ್ಷದಿಂದ ಎನ್‌ವಿಡಿಎ ಬಳಸುತ್ತಿದ್ದೇನೆ. ನೀವು ಮಾಡುತ್ತಿರುವ ಕೆಲಸ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಆ ಪ್ರಶ್ನಾರ್ಥಕ ಚಿಹ್ನೆ. ಹಳೇ ನೋಟ್‌ಪ್ಯಾಡ್ ಸುಮ್ನೆ ಸೇವ್ ಒತ್ತಿದರೆ ಆನ್ಸಿ ಅನ್ನುವ ಹಳೇ ಅಕ್ಷರ ರೂಪದಲ್ಲಿ ಉಳಿಸುತ್ತದೆ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಒಂದೊಂದು ಅಕ್ಷರದ ಜಾಗದಲ್ಲಿ ಒಂದೊಂದು ಪ್ರಶ್ನಾರ್ಥಕ ಬರೆದುಬಿಡುತ್ತದೆ. ಫೈಲ್ ಮುಚ್ಚಿ ಮತ್ತೆ ತೆರೆದು ನೋಡಿ. ಅಲ್ಲೂ ಹಾಗೇ ಇದ್ದರೆ ಹೆಸರುಗಳು ಹೋದವು ಅಂತಲೇ, ಮತ್ತೆ ಟೈಪ್ ಮಾಡಬೇಕು. ಈ ಸಲ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕನ್ನಡವನ್ನೂ ಉಳಿಸುವ ಯುಟಿಎಫ್-8 ರೂಪ, ಬಿಒಎಂ ಇಲ್ಲದ್ದು ಆರಿಸಿ. ಬಿಒಎಂ ಅಂದರೆ ಫೈಲ್‌ನ ತಲೆಯಲ್ಲಿ ಕೂರುವ ಕಾಣದ ಗುರುತು. ಅದಿದ್ದರೆ ಕೆಲವು ಪ್ಲೇಯರ್‌ಗಳಿಗೆ ಮೊದಲ ಸಾಲು ಗುರುತು ಸಿಗುವುದಿಲ್ಲ. 2019ರ ನಂತರದ ವಿಂಡೋಸ್ 10ರಲ್ಲಾದರೆ ಮಾಮೂಲಿ ನೋಟ್‌ಪ್ಯಾಡ್ ತಾನೇ ಸರಿಯಾಗಿ ಉಳಿಸುತ್ತದೆ.

ಫೈಲ್ ಹೆಸರಿನ ಕೊನೆಗೆ ಎಂ3ಯು ಅಂತಲೇ ಇರಲಿ, ಎಂ3ಯು8 ಬೇಡ. ಎಚ್‌ಎಲ್‌ಎಸ್ ಅನ್ನುವ ನೇರ ಪ್ರಸಾರದ ಲಿಂಕ್‌ಗಳೂ ಎಂ3ಯು8 ಅಂತಲೇ ಮುಗಿಯುತ್ತವೆ. ಕೆಲವು ಆ್ಯಪ್‌ಗಳು ನಿಮ್ಮ ಪಟ್ಟಿಯನ್ನೇ ಒಂದು ಕೇಂದ್ರ ಅಂದುಕೊಳ್ಳುತ್ತವೆ.

ಮರುದಿನ ಸತ್ತ ಲಿಂಕ್‌ಗಳನ್ನು ಒಮ್ಮೆ ಓದಿ ನೋಡಿ. ಅವುಗಳಲ್ಲಿ ಚಂಕ್‌ಲಿಸ್ಟ್ ಅನ್ನುವ ಪದ, ಅದರ ನಂತರ ಉದ್ದನೆಯ ಸಂಖ್ಯೆ ಇರಬಹುದು. ಅದು ನಿಮ್ಮ ಆ ಹೊತ್ತಿನ ಸಂಪರ್ಕಕ್ಕೆ ಮಾತ್ರ ಕೊಟ್ಟ ವಿಳಾಸ. ಅದರ ಬದಲು ಪ್ಲೇಲಿಸ್ಟ್ ಡಾಟ್ ಎಂ3ಯು8 ಅಂತ ಮುಗಿಯುವ ಮೂಲ ವಿಳಾಸ ಹಾಕಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಕಣ್ಣಿದ್ದವರು ಪಟ್ಟಿಯನ್ನು ಒಂದೇ ನೋಟಕ್ಕೆ ನೋಡುತ್ತಾರೆ. ನಾವು ಒಂದೊಂದೇ ಹೆಸರು ಕೇಳುತ್ತಾ ಇಳಿಯಬೇಕು. "ಆಕಾಶವಾಣಿ ಧಾರವಾಡ, ಆಕಾಶವಾಣಿ ಕಲಬುರಗಿ, ಆಕಾಶವಾಣಿ ಹೊಸಪೇಟೆ, ಆಕಾಶವಾಣಿ ಭದ್ರಾವತಿ" ಅಂತ ಬರೆದರೆ ಪ್ರತಿ ಸಲ "ಆಕಾಶವಾಣಿ" ಮುಗಿಯುವ ತನಕ ಕಾಯಬೇಕಾಗುತ್ತದೆ. ಊರು ಮುಂದೆ ಬರಲಿ: "ಧಾರವಾಡ ಆಕಾಶವಾಣಿ". "ಧಾ" ಕೇಳುತ್ತಿದ್ದ ಹಾಗೇ ಕೈ ನಿಲ್ಲುತ್ತದೆ. ಹೆಸರಿನಲ್ಲಿ ನಕ್ಷತ್ರ, ಅಡ್ಡಗೆರೆ, ಚೌಕ ಆವರಣ ಯಾವುದೂ ಬೇಡ. ಅವನ್ನೂ ಯಂತ್ರ ಗಟ್ಟಿಯಾಗಿ ಓದುತ್ತದೆ.

ಲ್ಯಾಪ್‌ಟಾಪ್ ಇರುವ ಗೆಳೆಯರಿಗೆ 46 ಕೇಂದ್ರದ ಒಂದೇ ಫೈಲ್ ಕೊಡಬೇಡಿ. ಒಂದು ಕೇಂದ್ರಕ್ಕೆ ಒಂದು ಪುಟ್ಟ ಎಂ3ಯು ಫೈಲ್ ಮಾಡಿ, ಸುದ್ದಿ, ಸಂಗೀತ, ಆಟ ಅಂತ ಫೋಲ್ಡರ್‌ಗಳಲ್ಲಿಡಿ. ಫೋಲ್ಡರ್‌ನಲ್ಲಿ ಓಡಾಡುವುದು ನಮಗೆ ಬೆರಳಿಗೇ ಬಂದಿರುತ್ತದೆ. ಎಂಟರ್ ಒತ್ತಿದರೆ ರೇಡಿಯೊ ಶುರು. ದಿನಾ ಕೇಳುವ ಹತ್ತು ಕೇಂದ್ರಗಳ ಹೆಸರಿನ ಮುಂದೆ ಮಾತ್ರ 01, 02 ಅಂತ ಸಂಖ್ಯೆ ಹಾಕಿ. ಕೀಬೋರ್ಡ್ ಇಂಗ್ಲಿಷ್‌ನಲ್ಲಿದ್ದರೂ 07 ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ. ಎಲ್ಲಕ್ಕೂ ಹಾಕಿದರೆ ಸಂಖ್ಯೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತದೆ.

ಇನ್ನೊಂದು ಉತ್ತರ: ಬೆಳಗಾವಿಯಿಂದ

ಪುಟ ತೆರೆಯುವ ಆ ಎರಡು ಲಿಂಕ್ 8000 ತರಹದ ಪೋರ್ಟ್ ಸಂಖ್ಯೆಯಲ್ಲಿ ಮುಗಿಯುತ್ತವಾ? ಹಾಗಿದ್ದರೆ ಅವು ಇಂಟರ್ನೆಟ್ ರೇಡಿಯೊ ಹರಿಸುವ ಹಳೇ ಶೌಟ್‌ಕಾಸ್ಟ್ ಸರ್ವರ್ ಇರಬೇಕು. ಬ್ರೌಸರ್ ಬಂದಿದೆ ಅನ್ನಿಸಿದರೆ ಅದು ಹಾಡು ಕೊಡುವುದಿಲ್ಲ, ತನ್ನ ಮಾಹಿತಿ ಪುಟ ಕೊಡುತ್ತದೆ. ಲಿಂಕ್‌ನ ಕೊನೆಗೆ ಒಂದು ಓರೆಗೆರೆ, ಅದರ ನಂತರ ಅರ್ಧವಿರಾಮ ಚಿಹ್ನೆ ಸೇರಿಸಿ, ಹೀಗೆ: /;

ಡೇಟಾ ಕಡೆಗೂ ಗಮನ ಇರಲಿ. 128 ಕೆಬಿಪಿಎಸ್ (ಸೆಕೆಂಡಿಗೆ ಬರುವ ಧ್ವನಿ ಡೇಟಾದ ಅಳತೆ) ಲಿಂಕ್ ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ, 64ರದ್ದು ಅದರ ಅರ್ಧ. ಸುದ್ದಿ, ಕಾಮೆಂಟರಿಗೆ 64 ಧಾರಾಳ ಸಾಕು. ತಬಲಾದವರಿಗೆ ಮಾತ್ರ ಕಡಿಮೆ ಮಾಡಬೇಡಿ. ಬಾಯಾದ, ಅಂದರೆ ಎಡಗೈ ತಬಲಾದ, ಗುಂಗು ಅವರ ಕಿವಿಗೆ ಬೇಕೇ ಬೇಕು, ಅಲ್ವಾ?

ಮತ್ತೆ ವಿಜಯಪುರದಿಂದ

ಇಬ್ಬರಿಗೂ ತುಂಬಾ ಉಪಕಾರವಾಯಿತು. ಫೈಲ್ ತೆರೆದು ನೋಡಿದೆ, ನಿಜವಾಗಿಯೂ ಪ್ರಶ್ನಾರ್ಥಕಗಳೇ ಇದ್ದವು. ಎರಡು ರಾತ್ರಿ ಕೂತು 46 ಹೆಸರೂ ಮತ್ತೆ ಟೈಪ್ ಮಾಡಿದೆ. ಸತ್ತ ಆರು ಲಿಂಕ್‌ಗಳಲ್ಲಿ ಐದರಲ್ಲಿ ಚಂಕ್‌ಲಿಸ್ಟ್ ಇತ್ತು, ಬದಲಿಸಿದ ಮೇಲೆ ನಾಲ್ಕು ದಿನದಿಂದ ಸರಿಯಾಗಿವೆ. ಆರನೆಯದು ಏನು ಮಾಡಿದರೂ ಬರಲಿಲ್ಲ, ತೆಗೆದುಹಾಕಿದೆ. ಅರ್ಧವಿರಾಮ ಹಾಕಿದ ಮೇಲೆ ಆ ಎರಡೂ ಹಾಡತೊಡಗಿದವು.

ಪಟ್ಟಿ ಕಳಿಸುವ ಮೊದಲು ನಾನೇ ಟಾಕ್‌ಬ್ಯಾಕ್ ಹಾಕಿಕೊಂಡು, ಕಣ್ಣು ಮುಚ್ಚಿ ಒಮ್ಮೆ ಕೇಳಿದೆ. ಇನ್ನೂ ಒಂಬತ್ತು ಹೆಸರು "ರೇಡಿಯೊ" ಅಂತಲೇ ಶುರುವಾಗುತ್ತಿದ್ದವು, ಅವನ್ನೂ ತಿರುಗಿಸಿದೆ. ನಿನ್ನೆ ತಬಲಾದವರು ನನ್ನ ಎದುರಿಗೇ ಫೋನ್ ಹಿಡಿದು, ಯಾರನ್ನೂ ಕೇಳದೆ, ನಾಲ್ಕು ಸಲ ಬೆರಳು ಸರಿಸಿ ಅಮೃತವರ್ಷಿಣಿ ಹಚ್ಚಿದರು.