12 ಸಾವಿರದೊಳಗೆ ಒಳ್ಳೆ ಮಾನಿಟರ್: ತಗೊಂಡವರು ಅನುಭವ ಹೇಳಿ

ಕರಡು ತಿದ್ದೋಳು, ತುಮಕೂರು
ಎಲ್ಲರಿಗೂ ನಮಸ್ಕಾರ. ಮನೆಯಿಂದಲೇ ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ, ದಿನಕ್ಕೆ ಆರೇಳು ಗಂಟೆ. ಸಂಜೆ ಸ್ವಲ್ಪ ಕೋಡಿಂಗ್ ಕಲಿಯುತ್ತಿದ್ದೇನೆ. ಈಗಿರುವುದು 15.6 ಇಂಚಿನ ಲ್ಯಾಪ್‌ಟಾಪ್. ಹನ್ನೊಂದು ಗಂಟೆಗೆಲ್ಲ ಕತ್ತು ಹಿಡಿಯುತ್ತೆ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿ. ಒಂದು ಮಾನಿಟರ್ ತಗೋಬೇಕು. 12 ಸಾವಿರ ದಾಟಬಾರದು. ಮೇಜು ಗೋಡೆಗೆ ಒತ್ತಿಕೊಂಡಿದೆ, ಅಗಲ ಎರಡಡಿ ಇದ್ದರೆ ಹೆಚ್ಚು. 24 ಇಂಚೋ 27 ಇಂಚೋ? ಪರದೆ ಐಪಿಎಸ್ ಬಗೆಯದೋ ವಿಎ ಬಗೆಯದೋ? ಹೊಸದೋ, ಬೆಂಗಳೂರಿನ ಎಸ್.ಪಿ. ರೋಡಿನ ಹಳೇದೋ? ಗೇಮ್ ಆಡಲ್ಲ. ಸಿನಿಮಾ ಅಪರೂಪ.

ಆಲ್ಬಮ್ ಅಣ್ಣ, ದಾವಣಗೆರೆ
ಬ್ರೋ, ಇಂಚು ಆಮೇಲೆ. ಮೊದಲು ಬಣ್ಣ ನೋಡಿ. ನನ್ನ ಕಥೆ ಕೇಳಿ.

ನಮ್ಮದು ಸ್ಟುಡಿಯೋ. ಮದುವೆ ಆಲ್ಬಮ್ ಡಿಸೈನ್ ನಾನೇ ಮಾಡುವುದು. 2021ರಲ್ಲಿ 7,200 ಕೊಟ್ಟು ಒಂದು ಟಿಎನ್ ಪ್ಯಾನೆಲ್, ಅಂದರೆ ಅಗ್ಗದ ಬಗೆಯ ಪರದೆ, ತಂದೆ. ಚುಕ್ಕಿ ಬಣ್ಣ ಬದಲಿಸಲು ಒಂದು ಮಿಲಿಸೆಕೆಂಡ್ ಅಂತ ಡಬ್ಬದ ಮೇಲೆ ದೊಡ್ಡದಾಗಿ ಇತ್ತು. ಎಷ್ಟು ಬಣ್ಣ ತೋರಿಸುತ್ತೆ ಅನ್ನುವ ಅಳತೆ, 45 ಪರ್ಸೆಂಟ್ ಎನ್‌ಟಿಎಸ್‌ಸಿ, ಕೆಳಗೆಲ್ಲೋ ಇರುವೆ ಸಾಲಿನ ಹಾಗೆ ಇತ್ತು. ಅಂದರೆ ಫೋಟೋಗಳಿಗೆ ಬಳಸುವ ಎಸ್‌ಆರ್‌ಜಿಬಿ ಲೆಕ್ಕದಲ್ಲಿ 62-63 ಪರ್ಸೆಂಟ್, ಅಷ್ಟೇ. ಅದರ ಜೊತೆಗೆ ಆ ಪರದೆ ನೀಲಿಗೆ ತಿರುಗಿತ್ತು. ನನಗೆ ಗೊತ್ತಾಗಲಿಲ್ಲ. ಮುಖಗಳು ಸಪ್ಪೆ ಕಾಣುತ್ತಿವೆ ಅಂತ ಪ್ರತಿ ಫೋಟೋಗೂ ಹಳದಿ ಏರಿಸಿದೆ. 40 ಶೀಟ್ ಆಲ್ಬಮ್ ಪ್ರಿಂಟ್ ಆಗಿ ಬಂತು. ತೆಗೆದು ನೋಡಿದರೆ ಮದುಮಗಳಿಗೆ ಕಾಮಾಲೆ! ಧಾರೆ ಸೀರೆ ಕೆನೆ ಬಣ್ಣದ್ದು, ಆಲ್ಬಮ್ಮಿನಲ್ಲಿ ಅರಿಶಿನದ ನೀರಿಗೆ ಅದ್ದಿದ ಹಾಗಿದೆ. ಹುಡುಗಿಯ ತಾಯಿ ಸೀರೆಯನ್ನೇ ಹೊತ್ತುಕೊಂಡು ಅಂಗಡಿಗೆ ಬಂದು ಟೇಬಲ್ ಮೇಲೆ ಹರಡಿದರು. ಆಲ್ಬಮ್ ಪಕ್ಕದಲ್ಲಿ ಇಟ್ಟರು. ಒಂದು ಮಾತೂ ಆಡಲಿಲ್ಲ.

ಮರುಪ್ರಿಂಟ್ ಶೀಟಿಗೆ 285ರ ಹಾಗೆ 11,400. ಕೊರಿಯರ್ 350. ಬಾಕಿಯಲ್ಲಿ 3,000 ಮುರಿದುಕೊಂಡರು. ಆ 7,200ರ ಮಾನಿಟರ್ ನನಗೆ ಬಿದ್ದದ್ದು 21,950. ಆಮೇಲೆ 10,800 ಕೊಟ್ಟು 99 ಪರ್ಸೆಂಟ್ ಎಸ್‌ಆರ್‌ಜಿಬಿ ಇರುವ ಐಪಿಎಸ್ ತಂದೆ. ಇವತ್ತಿಗೂ ಚೆನ್ನಾಗಿದೆ.

ಎಸ್.ಪಿ. ರೋಡ್ ಹಳಬ
ಅಕ್ಷರ ತಿದ್ದುವವರಿಗೆ ಧಾರೆ ಸೀರೆ ಬಣ್ಣ ಯಾಕೆ ಸ್ವಾಮಿ?

ಹೊಸದೇ ಬೇಡ. 2019ರಲ್ಲಿ ಎಸ್.ಪಿ. ರೋಡಿನಲ್ಲಿ ಡೆಲ್ ಅಲ್ಟ್ರಾಶಾರ್ಪ್ 24 ಇಂಚು ತಗೊಂಡೆ, 4,500ಕ್ಕೆ. ಕಂಪನಿಯಿಂದ ಲೀಸ್ ಮುಗಿದು ಬಂದ ಮಾಲು. 1920 ಬೈ 1200, ಅಂದರೆ 16:10. ಪುಟ ಓದುವವರಿಗೆ ಆ ಹೆಚ್ಚಿನ 120 ಸಾಲು ಎಷ್ಟು ಉಪಯೋಗ ಅಂತ ಬಳಸಿದವರಿಗೇ ಗೊತ್ತು. ಸ್ಟ್ಯಾಂಡ್ ಮೇಲೆ ಕೆಳಗೆ ಹೋಗುತ್ತೆ, ಪರದೆ ಅಡ್ಡದಿಂದ ಉದ್ದಕ್ಕೂ ತಿರುಗುತ್ತೆ. ಹೊಸದರಲ್ಲಿ 9 ಸಾವಿರಕ್ಕೆ ಇಂಥ ಸ್ಟ್ಯಾಂಡ್ ತೋರಿಸಿ ನೋಡೋಣ. ಬರೀ ಹಿಂದೆ ಮುಂದೆ ಬಾಗುತ್ತೆ, ಎತ್ತರಕ್ಕೆ ಕೆಳಗೆ ನಿಘಂಟು ಇಡಬೇಕು.

ತಗೊಳ್ಳುವ ರೀತಿ ಗೊತ್ತಿರಬೇಕು. ನಾನು ಪೆನ್‌ಡ್ರೈವಿನಲ್ಲಿ ಐದು ಚಿತ್ರ ಹಾಕಿಕೊಂಡು ಹೋಗಿದ್ದೆ. ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ. ಅಂಗಡಿಯವನಿಗೆ ಲೈಟ್ ಆರಿಸು ಅಂದೆ. ನಾಲ್ಕು ಪೀಸ್ ಬೇಡ ಅಂದೆ, ಐದನೆಯದು ಹಿಡಿದೆ. ಬೆಡ್‌ಶೀಟ್ ಸುತ್ತಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ ಲಗೇಜ್ ಕೇಳಿದ, ಕೊಡಲಿಲ್ಲ.

ತಲೆನೋವು ತಿಂದವನು
ಈ ಹಳೇ ಮಾಲಿನ ಹೊಗಳಿಕೆ ಕೇಳಿಯೇ ನಾನು ಹಾಳಾಗಿದ್ದು.

3,800ಕ್ಕೆ ಲೀಸ್ ಮಾಲು ತಂದೆ. ಆಟೋ 260. ಒಂದು ವಾರಕ್ಕೆ ಹಣೆ ಹಿಂಡುವ ಹಾಗೆ ತಲೆನೋವು. ಕಣ್ಣಿನ ಡಾಕ್ಟರ್ 600, ಹೊಸ ಕನ್ನಡಕ 2,400. ನೋವು ಹೋಗಲಿಲ್ಲ. ಸೈನಸ್ ಇರಬಹುದು ಅಂತ ಇನ್ನೊಬ್ಬರ ಹತ್ತಿರ ಹೋದೆ, 500. ಒಟ್ಟು 7,560. ಕೊನೆಗೆ ಅಕ್ಕನ ಮಗ ಬಂದು ಬ್ರೈಟ್‌ನೆಸ್ 20ಕ್ಕೆ ಇಳಿಸಿ, ಬಿಳಿ ಪರದೆ ಇಟ್ಟು, ಮುಂದೆ ಪೆನ್ಸಿಲ್ ಬೀಸಿದ. ಒಂದು ಪೆನ್ಸಿಲ್ ಬೀಸಣಿಗೆಯ ಕಡ್ಡಿಗಳ ಹಾಗೆ ಹತ್ತು ಆಗಿ ಕಂಡಿತು. ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ಪರದೆ ಮಿಣುಕ್ ಮಿಣುಕ್. ಪಿಡಬ್ಲ್ಯುಎಂ ಅಂತೆ. ಬೆಳಕು ಕಮ್ಮಿ ಮಾಡಬೇಕಾದರೆ ಪರದೆ ಹಿಂದಿನ ದೀಪವನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹಚ್ಚುತ್ತೆ. ಎಲ್ಲರಿಗೂ ತಾಗಲ್ಲ. ನನಗೆ ತಾಗಿತು.

ಫ್ಲಿಕರ್-ಫ್ರೀ, ಅಂದರೆ ಹೀಗೆ ಮಿಣುಕದ್ದು, ಅಂತ ಬರೆದ ಮಾನಿಟರ್ ಬರತೊಡಗಿದ್ದೇ 2013ರ ಸುಮಾರಿಗೆ. ಅದಕ್ಕಿಂತ ಹಳೇದು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಈಗ 8,900ರ ಹೊಸ 24 ಇಂಚು ಐಪಿಎಸ್ ಇದೆ. ಕನ್ನಡಕ ಡ್ರಾಯರಿನಲ್ಲಿದೆ.

ಎಸ್.ಪಿ. ರೋಡ್ ಹಳಬ
ಪೆನ್ಸಿಲ್ ಅಂಗಡಿಯಲ್ಲೇ ಬೀಸಬೇಕಿತ್ತು. ಪರೀಕ್ಷೆ ಮಾಡದೆ ತಂದು ಊರಿಗೆಲ್ಲ ಎಸ್.ಪಿ. ರೋಡ್ ಕೆಟ್ಟದ್ದು ಅನ್ನುವುದು ಎಲ್ಲಿಯ ನ್ಯಾಯ?

ತಲೆನೋವು ತಿಂದವನು
ಐದು ಚಿತ್ರ ಹಾಕಿಕೊಂಡು ಹೋದಿರಲ್ಲ, ಅದರ ಜೊತೆ ಪೆನ್ಸಿಲ್ ಒಯ್ದಿದ್ದಿರಾ? ನಿಮ್ಮದನ್ನೂ ಇವತ್ತು ಬ್ರೈಟ್‌ನೆಸ್ ಇಳಿಸಿ ನೋಡಿ, ಆಮೇಲೆ ಮಾತಾಡಿ.

ಹುಬ್ಬಳ್ಳಿ ಓದುಗ
ಇಬ್ಬರೂ ಬಿಡ್ರಿ. ಅವರು ಕೇಳಿದ್ದು ಕನ್ನಡ ಅಕ್ಷರದ ಮಾತು. ಅದರಲ್ಲಿ ಸುಟ್ಟುಕೊಂಡವನು ನಾನು.

ದೀಪಾವಳಿ ಆಫರ್‌ನಲ್ಲಿ 11,999ಕ್ಕೆ 27 ಇಂಚು ತಂದೆ. ಮನೆಗೆ ಬಂದವರೆಲ್ಲ ಟೀವಿ ತಂದೆಯೇನೋ ಅಂದರು, ಎದೆ ಉಬ್ಬಿತು. ಮರುದಿನ ಕೆಲಸಕ್ಕೆ ಕೂತೆ. ಅದು ಫುಲ್ ಎಚ್‌ಡಿ, ಅಂದರೆ 24 ಇಂಚಿಗೂ ಅದೇ 20,73,600 ಚುಕ್ಕಿ, 27 ಇಂಚಿಗೂ ಅದೇ. ಇಂಚಿಗೆ 92 ಚುಕ್ಕಿ ಇರುವ ಕಡೆ 82 ಆಗುತ್ತೆ. ಇಂಗ್ಲಿಷ್‌ನವರಿಗೆ ಅದು ನಡೆಯುತ್ತೆ. ನಮಗೆ? ದ-ಗೆ ಕೆಳಗೆ ಒಂದು ಚಿಕ್ಕ ಸೀಳು ಬಿದ್ದರೆ ಧ. ಆ ಸೀಳು ಒಂದು ಚುಕ್ಕಿಯಷ್ಟಿರುತ್ತೆ. ಪ-ಫ ಹಾಗೇ. ಕರಡಿನಲ್ಲಿ 'ಅರ್ದ' ಅಂತ ತಪ್ಪಿದ್ದರೂ 'ಅರ್ಧ' ಅಂತಲೇ ಕಾಣುತ್ತೆ, ಸರಿ ಇದ್ದರೂ ಅನುಮಾನ ಬರುತ್ತೆ. 'ರಾಷ್ಟ್ರ'ದ ಒತ್ತುಗಳು ಒಂದರ ಮೇಲೊಂದು ಬಿದ್ದು ಮಸಿ ಚೆಲ್ಲಿದ ಹಾಗೆ. ಜೂಮ್ 150 ಮಾಡಿದೆ. ಆಗ ಕಾಣುವ ಸಾಲು ಮೊದಲಿನ ಲ್ಯಾಪ್‌ಟಾಪ್‌ನಷ್ಟೇ ಆಯಿತು. ಹನ್ನೆರಡು ಸಾವಿರ ಕೊಟ್ಟು ಭೂತಗನ್ನಡಿ ಕೊಂಡ ಹಾಗಾಯಿತು.

ಮತ್ತೆ, ಎರಡಡಿ ಮೇಜಿನಲ್ಲಿ 27 ಇಟ್ಟರೆ ಸ್ಟ್ಯಾಂಡೇ ಒಂದು ಗೇಣು ಮುಂದೆ ಬರುತ್ತೆ. ಕಣ್ಣಿನ ಮುಂದೆಯೇ ಪರದೆ. ಎಡ ಮೂಲೆ ನೋಡಲು ಕತ್ತು ತಿರುಗಿಸಬೇಕು. ಕತ್ತು ನೋವಿಗೆ ಅಂತಲೇ ಅಲ್ವಾ ನೀವು ತಗೊಳ್ತಿರೋದು?

ವೈಟ್‌ಫೀಲ್ಡ್ ವಾಸಿ
27 ಇಂಚಿನ ತಪ್ಪಲ್ಲ, ಫುಲ್ ಎಚ್‌ಡಿ ತಪ್ಪು. 27ಕ್ಕೆ 1440ಪಿ, ಅಂದರೆ 2560 ಬೈ 1440 ಚುಕ್ಕಿಯದು, ತಗೋಬೇಕು. ಇಂಚಿಗೆ 109 ಚುಕ್ಕಿ. ನನ್ನದು 17,800. ಇನ್ನೊಂದು ಐದಾರು ಸಾವಿರ ಸೇರಿಸಿಬಿಡಿ ಸರ್, ಹತ್ತು ವರ್ಷ ಯೋಚನೆ ಇಲ್ಲ.

ನಾನೂ ನೇರವಾಗಿ ಇಲ್ಲಿಗೆ ಬಂದವನಲ್ಲ. ಮೊದಲು ಸೇಲ್‌ನಲ್ಲಿ 22,000ಕ್ಕೆ 4ಕೆ, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿಯದು, ತಂದಿದ್ದೆ. ಹಚ್ಚಿದರೆ ಮೌಸ್ ಬಸವನಹುಳು. ಎರಡು ದಿನ ಡ್ರೈವರ್, ಕೇಬಲ್ ಎಲ್ಲ ಬದಲಿಸಿದೆ, ಕೇಬಲ್‌ಗೆ 900 ಬೇರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕೇಬಲ್ ಚುಚ್ಚುವ ಪೋರ್ಟ್ ಎಚ್‌ಡಿಎಂಐ 1.4. ಅದು 4ಕೆ ಪರದೆಗೆ 30 ಹರ್ಟ್ಸ್, ಅಂದರೆ ಸೆಕೆಂಡಿಗೆ 30 ಚಿತ್ರ, ಮಾತ್ರ ಕೊಡುತ್ತೆ. 60 ಬೇಕಂದರೆ 2.0 ಇರಬೇಕು. ಕಸಿನ್‌ಗೆ 15,000ಕ್ಕೆ ಕೊಟ್ಟೆ, 7,000 ಲಾಸ್. ಆತ ಈಗಲೂ ನನಗೆ ಥ್ಯಾಂಕ್ಸ್ ಹೇಳ್ತಾನೆ, ಅದೇ ಸಿಟ್ಟು.

ಅಲ್ಲದೆ ಜಿಎಸ್‌ಟಿ ಇಳಿದ ಮೇಲೆ ಮಾನಿಟರ್ ಎಲ್ಲ ಅಗ್ಗ ಆಗಿವೆ.

ಲೆಕ್ಕ ಬರೆಯೋನು, ಮಂಡ್ಯ
ಯಾವ ಮಾನಿಟರ್ ಅಗ್ಗ ಆಗಿದೆ? ಸುಮ್ನೆ ಹೇಳಬೇಡಿ. 2025ರ ಸೆಪ್ಟೆಂಬರ್ 22ರಿಂದ 28 ಇದ್ದದ್ದು 18 ಆಗಿದ್ದು 32 ಇಂಚಿಗಿಂತ ದೊಡ್ಡವಕ್ಕೆ. 32ರವರೆಗಿನದಕ್ಕೆ 2019ರ ಜನವರಿಯಿಂದಲೇ 18. 24ಕ್ಕೂ 27ಕ್ಕೂ ಒಂದು ಪೈಸೆ ಬದಲಾಗಿಲ್ಲ. 9,500ರ ಬಿಲ್‌ನಲ್ಲಿ ತೆರಿಗೆ 1,449, ಆಗಲೂ ಅಷ್ಟೇ, ಈಗಲೂ ಅಷ್ಟೇ.

ವೈಟ್‌ಫೀಲ್ಡ್ ವಾಸಿ
ಅಂಗಡಿಯವರೇ ಬೋರ್ಡ್ ಹಾಕಿದ್ದರು.

ಲೆಕ್ಕ ಬರೆಯೋನು, ಮಂಡ್ಯ
ಅಂಗಡಿಯವರು 'ಇಂದು ನಗದು ನಾಳೆ ಸಾಲ' ಅಂತಲೂ ಬೋರ್ಡ್ ಹಾಕುತ್ತಾರೆ. ನಾಳೆ ಹೋಗಿ ಕೇಳಿ.

ಆಲ್ಬಮ್ ಅಣ್ಣ, ದಾವಣಗೆರೆ
ವೈಟ್‌ಫೀಲ್ಡ್‌ನವರೇ, 12 ಸಾವಿರ ದಾಟಬಾರದು ಅಂತ ಬರೆದಿದ್ದಾರೆ. ಓದಿದ್ದೀರಾ?

ವೈಟ್‌ಫೀಲ್ಡ್ ವಾಸಿ
ನೀವು ಓದಿದ್ದೀರಾ? ಅವರು 'ತಿದ್ದೋಳು' ಅಂತ ಹೆಸರಿಟ್ಟುಕೊಂಡಿದ್ದಾರೆ, ನೀವು ಬ್ರೋ ಅಂತೀರಿ.

ಕರಡು ತಿದ್ದೋಳು, ತುಮಕೂರು
ನೀವೂ ಸರ್ ಅಂದಿರಿ. ಪರವಾಗಿಲ್ಲ. ವಿಎ ಬಗ್ಗೆ ಯಾರೂ ಹೇಳಲಿಲ್ಲ?

ಕತ್ತಲೆ ಕೋಣೆ, ಶಿರಸಿ
ನಾನು ಹೇಳುತ್ತೇನೆ ಅಕ್ಕ. ನನ್ನದು 24 ಇಂಚಿನ ಬಾಗಿದ ವಿಎ, 9,200. ಐಪಿಎಸ್‌ನಲ್ಲಿ ಕಪ್ಪು ಅಂದರೆ ಬೂದು, ಮೂಲೆಯಲ್ಲಿ ಬೆಳಕು ಸೋರಿದ ಹಾಗೆ ಕಾಣುತ್ತೆ. ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಅಂತರ, ಅದಕ್ಕೆ ಸಾವಿರಕ್ಕೆ ಒಂದು, ವಿಎಗೆ ಮೂರು ಸಾವಿರಕ್ಕೆ ಒಂದು. ರಾತ್ರಿ ಲೈಟ್ ಆರಿಸಿ ಸಿನಿಮಾ ಹಾಕಿದರೆ ಕಪ್ಪು ಕಪ್ಪಾಗೇ ಇರುತ್ತೆ. ಆದರೆ ಕಪ್ಪು ಹಿನ್ನೆಲೆಯಲ್ಲಿ ಕೋಡ್ ಇಟ್ಟು ಸರಸರ ಸ್ಕ್ರಾಲ್ ಮಾಡಿದರೆ ಅಕ್ಷರದ ಹಿಂದೆ ಬಾಲ ಬರುತ್ತೆ. ಒದ್ದೆ ಬಣ್ಣದ ಮೇಲೆ ಬೆರಳು ಎಳೆದ ಹಾಗೆ. ನಿಮ್ಮ ಕೆಲಸಕ್ಕೆ ಬೇಡ.

ಇನ್ನೊಂದು ಮಾತು, ಯಾರೂ ಹೇಳಲ್ಲ. ಜೂನ್‌ನಲ್ಲಿ ಒಂದು ಸಿಡಿಲಿಗೆ ಅಡಾಪ್ಟರ್ ಸುಟ್ಟಿತು. ಕಂಪನಿ ಅಡಾಪ್ಟರ್ 1,350, ಬರಲು ಹದಿನೇಳು ದಿನ. ಮಧ್ಯೆ ಪೇಟೆಯಲ್ಲಿ 400ರದ್ದು ತಂದೆ. ವೋಲ್ಟ್ ಸರಿ ಇತ್ತು, ಆಂಪಿಯರ್ ಕಮ್ಮಿ. ಬ್ರೈಟ್‌ನೆಸ್ ಏರಿಸಿದರೆ ಆರಿಹೋಗುತ್ತಿತ್ತು. ಈಗ ಗುಡುಗು ಕೇಳಿದರೆ ಆಯಿ ಅಡುಗೆಮನೆಯಿಂದಲೇ 'ಪ್ಲಗ್ ಕಿತ್ತ್ಯಾ?' ಅಂತ ಕೂಗುತ್ತಾಳೆ. ಕರೆಂಟ್ ತಿನ್ನುವುದು 20-25 ವ್ಯಾಟ್ ಅಷ್ಟೇ, ಮನೆಯ ಇನ್ವರ್ಟರ್ ಆರಾಮಾಗಿ ಎಳೆಯುತ್ತೆ.

ಹಸಿರು ಚುಕ್ಕಿ, ಮೈಸೂರು
ನಾನೂ ಕರಡು ನೋಡುವವಳೇ. 24 ಇಂಚು ಐಪಿಎಸ್, 100 ಹರ್ಟ್ಸ್, 8,499. ಆನ್‌ಲೈನ್‌ನಲ್ಲಿ ತರಿಸಿದೆ. ಪರದೆ ನಡುವೆ, ಸ್ವಲ್ಪ ಎಡಕ್ಕೆ, ಒಂದು ಹಸಿರು ಚುಕ್ಕಿ. ಯಾವಾಗಲೂ ಹೊಳೆಯುತ್ತೆ. ಮೊದಲ ವಾರ ಮೂರು ಸಲ ಪೂರ್ಣವಿರಾಮ ಅಂದುಕೊಂಡು ಅಳಿಸಲು ಹೋದೆ. ಒಮ್ಮೆ ಒರೆಸಿದೆ ಕೂಡ. ಕಂಪನಿಗೆ ನಾಲ್ಕು ಸಲ ಫೋನ್ ಮಾಡಿದೆ. ಒಂದು ಚುಕ್ಕಿಗೆ ಬದಲಿಸಲ್ಲ ಮೇಡಂ, ಇಂತಿಷ್ಟು ಇರಬೇಕು ಅಂದರು. ಇನ್ನೆರಡು ನಾನೇ ಮಾಡಿಕೊಳ್ಳಲಾ ಅಂತ ಕೇಳಿದೆ, ಫೋನ್ ಇಟ್ಟರು. ಮಾರಿದವರ ಏಳು ದಿನದ ಗಡುವು ಅಷ್ಟರಲ್ಲಿ ಮುಗಿದಿತ್ತು. ಡಬ್ಬ ಬಿಚ್ಚುವ ವಿಡಿಯೋ ಇದೆಯಾ ಅಂದರು. ನಾನು ಮಾನಿಟರ್ ಬಿಚ್ಚುವಾಗ ವಿಡಿಯೋ ಯಾಕೆ ಮಾಡಲಿ, ಅದೇನು ನಾಮಕರಣವೇ?

ಉಳಿದಂತೆ ಪರದೆ ಬಹಳ ಚೆನ್ನಾಗಿದೆ. ಧ-ದ ಸ್ಪಷ್ಟ. ಮೊದಲ ದಿನವೇ ಬ್ರೈಟ್‌ನೆಸ್ 30ಕ್ಕೆ ಇಳಿಸಿ. ಅಂಗಡಿಯಿಂದ ಬಂದ ಹಾಗೇ ಇಟ್ಟರೆ ಟ್ಯೂಬ್‌ಲೈಟ್ ದಿಟ್ಟಿಸಿದ ಹಾಗೆ.

ಎಸ್.ಪಿ. ರೋಡ್ ಹಳಬ
ಅದಕ್ಕೇ ಹೇಳಿದ್ದು, ಐದು ಚಿತ್ರ, ಅಂಗಡಿಯಲ್ಲೇ.

ತಲೆನೋವು ತಿಂದವನು
ಬ್ರೈಟ್‌ನೆಸ್ ಇಳಿಸಿ ನೋಡಿದಿರಾ?

ಎಸ್.ಪಿ. ರೋಡ್ ಹಳಬ
ನೋಡಿದೆ. ಪೆನ್ಸಿಲ್ ಸ್ವಲ್ಪ ಬಿಡಿ ಬಿಡಿಯಾಗಿ ಕಂಡಿತು. ನನಗೆ ಇದುವರೆಗೂ ಏನೂ ಆಗಿಲ್ಲ.

ತಲೆನೋವು ತಿಂದವನು
ಇನ್ನು ಆಗುತ್ತೆ. ಗೊತ್ತಾಯಿತಲ್ಲ.

ಕರಡು ತಿದ್ದೋಳು, ತುಮಕೂರು
ಮೇಜು ಅಳೆದೆ. 58 ಸೆಂಟಿಮೀಟರ್ ಇದೆ. 27 ಕೈಬಿಟ್ಟೆ. ಶನಿವಾರ ಇಲ್ಲಿಯ ಅಂಗಡಿಗೇ ಹೋಗಿ 24 ಐಪಿಎಸ್ ನೋಡುತ್ತೇನೆ. ಐದು ಚಿತ್ರ, ಒಂದು ಪೆನ್ಸಿಲ್, 'ಅರ್ಧ' ಮತ್ತು 'ಅರ್ದ' ಬರೆದ ಒಂದು ಪುಟ ಒಯ್ಯುತ್ತೇನೆ. ಎತ್ತರಕ್ಕೆ ನಿಘಂಟು ಮನೆಯಲ್ಲಿ ಬೇಕಾದಷ್ಟಿವೆ.

ಹುಬ್ಬಳ್ಳಿ ಓದುಗ
ಒಳ್ಳೆಯದಾಯಿತು. ಅಂದಹಾಗೆ ನನ್ನ 27 ಮಾರಾಟಕ್ಕಿದೆ. 7,500. ಒಂದು ಗೀರಿಲ್ಲ.

ಆಲ್ಬಮ್ ಅಣ್ಣ, ದಾವಣಗೆರೆ
ಇಷ್ಟೊತ್ತು ಭೂತಗನ್ನಡಿ ಅಂತ ಬೈದು ಈಗ ಮಾರ್ತೀರಾ?

ಹುಬ್ಬಳ್ಳಿ ಓದುಗ
ಅವರಿಗಲ್ರೀ. ಶಿರಸಿಯವರಿಗೆ. ಸಿನಿಮಾ ನೋಡೋರಿಗೆ ಧ-ದ ಯಾಕೆ ಬೇಕು?

ಕತ್ತಲೆ ಕೋಣೆ, ಶಿರಸಿ
7,500 ಜಾಸ್ತಿ. 6,000 ಆದರೆ ಯೋಚನೆ ಮಾಡುತ್ತೇನೆ. ಬಸ್ಸಿಗೆ ಹಾಕಬೇಕು, ಕಂಪನಿ ಡಬ್ಬ ಇದೆಯಾ?

ಹುಬ್ಬಳ್ಳಿ ಓದುಗ
ಡಬ್ಬ ಇದೆ. ಈಗ ಕೊಡೋಕೆ ಆಗಲ್ಲ. ಅದರಲ್ಲಿ ಬೆಕ್ಕು ಮರಿ ಹಾಕಿದೆ.