35 ವಾರಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ನೀವೇ ಯೋಚ್ನೆ ಮಾಡಿ ಹೇಳಿ ಅಂತಿದಾರೆ ಡಾಕ್ಟರ್

ಹೊಸಅಮ್ಮ:
ಎಲ್ರಿಗೂ ನಮಸ್ಕಾರ. ನಂಗೀಗ 35 ವಾರ, ಬಿಪಿ ಏರ್ತಾನೇ ಇದೆ, ಈ ವಾರದೊಳಗೇ ಡೆಲಿವರಿ ಮಾಡ್ಬೇಕಾಗ್ಬಹುದಂತೆ. ಮಗು ಶ್ವಾಸಕೋಶಕ್ಕೆ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಇದೆ, ಅನುಕೂಲಾನೂ ಇದೆ ತೊಂದ್ರೇನೂ ಇದೆ, ಮನೇಲಿ ಮಾತಾಡಿ ಸಂಜೆ ಹೇಳಿ ಅಂದ್ರು ಡಾಕ್ಟರ್. ನಮ್ಮಕ್ಕಂಗೆ 30 ವಾರಕ್ಕೇ ನೋವು ಬಂದಾಗ ಹಾಕ್ಲೇಬೇಕು ಅಂದಿದ್ರು, ನನ್ನನ್ಯಾಕೆ ಕೇಳ್ತಿದಾರೆ? ಓದಿರೋರು ಅವ್ರೇ ತಾನೇ? ಅತ್ತೆ ಸ್ಟೀರಾಯ್ಡ್ ಅಂದ ತಕ್ಷಣ ಬೇಡ್ವೇ ಬೇಡ ಅಂದ್ರು, ಇವ್ರು ಹಾಕ್ಸ್ಕೊ ಅಂತಾರೆ.

ಎನ್‌ಐಸಿಯು_ಸಿಸ್ಟರ್:
30 ವಾರದ ಲೆಕ್ಕಾನೇ ಬೇರೆ ಕಣಮ್ಮ. 1972ರಲ್ಲಿ ನ್ಯೂಜಿಲೆಂಡಿನ ಡಾಕ್ಟರ್‌ಗಳು ಲಿಗಿನ್ಸ್ ಮತ್ತೆ ಹೋವಿ ತೋರಿಸಿದ್ದೇ ಅದು, ಅಷ್ಟು ಬೇಗ ಹುಟ್ಟೋ ಮಕ್ಕಳ ಜೀವ ಉಳಿಸೋ ಔಷಧಿ, ಅಲ್ಲಿ ಯೋಚ್ನೆ ಮಾಡೋಕೆ ಜಾಸ್ತಿ ಏನಿಲ್ಲ. 34 ದಾಟಿದ್ಮೇಲೆ ಹೆಚ್ಚಿನ ಮಕ್ಕಳು ತಾವೇ ಉಸಿರಾಡ್ತವೆ, ಹಾಗಾಗಿ ಸಿಗೋ ಲಾಭ ಸಣ್ಣದು. 2016ರಲ್ಲಿ ಅಮೆರಿಕದಲ್ಲಿ 2,800ಕ್ಕೂ ಹೆಚ್ಚು ಗರ್ಭಿಣಿಯರನ್ನ ಸೇರಿಸ್ಕೊಂಡು ಮಾಡಿದ ಸ್ಟಡೀಲಿ, ಮೊದಲ ಮೂರು ದಿನದಲ್ಲಿ ಉಸಿರಾಟಕ್ಕೆ ಸಪೋರ್ಟ್ ಬೇಕಾದ ಮಕ್ಕಳು ಇಂಜೆಕ್ಷನ್ ಇಲ್ದಿದ್ರೆ 100ಕ್ಕೆ 14 ಚಿಲ್ಲರೆ, ಹಾಕಿದ್ರೆ 11 ಚಿಲ್ಲರೆ. ಆದ್ರೆ ಹುಟ್ಟಿದ ಮೇಲೆ ಶುಗರ್ ಇಳಿದಿದ್ದು 15 ಇದ್ದಿದ್ದು 24ಕ್ಕೆ ಹೋಯ್ತು. ಅಂದ್ರೆ ಮೂರು ಮಕ್ಕಳಿಗೆ ಉಸಿರು ಸಲೀಸು, ಒಂಬತ್ತು ಮಕ್ಕಳಿಗೆ ಶುಗರ್ ತಾಪತ್ರಯ. ಕೇಳೋಕೆ ನಷ್ಟ ಅನ್ಸುತ್ತೆ, ಆದ್ರೆ ಶುಗರ್ ಹಿಮ್ಮಡಿ ಚುಚ್ಚಿ ನೋಡಿ ಹಾಲು ಕೊಟ್ರೆ ಸಾಮಾನ್ಯವಾಗಿ ಬೇಗ ಸರಿಹೋಗುತ್ತೆ, ನೋಡ್ದೇ ಬಿಟ್ರೆ ಮಾತ್ರ ಅಪಾಯ. ಇದ್ರಲ್ಲಿ ಯಾವ್ದು ದೊಡ್ಡದು ಅನ್ನೋದು ನಿಮ್ಮ ಮನೆಯವ್ರಿಗೆ ಬಿಟ್ಟಿದ್ದು, ಅದಕ್ಕೇ ಕೇಳ್ತಿದಾರೆ. ಜವಾಬ್ದಾರಿ ಜಾರಿಸ್ಕೊಳ್ತಿದಾರೆ ಅಂತ ನಂಗನ್ಸಲ್ಲ.

ಅತ್ತೆಯವ್ರಿಗೆ ಹೇಳಿ, ಇದು ಜಿಮ್‌ನವ್ರು ತಗೊಳ್ಳೋ ಸ್ಟೀರಾಯ್ಡ್ ಅಲ್ಲ!

ಸುಮ್ನೆ_ಓದೋನು:
ದೊಡ್ಡವರಾದ್ಮೇಲೆ ಮೆದುಳಿಗೆ ಏನೋ ಆಗುತ್ತೆ ಅಂತ ಓದಿದೀನಿ. ಹುಷಾರು.

ಎನ್‌ಐಸಿಯು_ಸಿಸ್ಟರ್:
ನೀವು ಓದಿದ್ದು 2020ರ ಫಿನ್ಲೆಂಡ್ ಸ್ಟಡಿ ಇರ್ಬೇಕು. ಅದು ಹಳೇ ದಾಖಲೆ ನೋಡಿ ಹೇಳಿದ್ದು, ಇಂಜೆಕ್ಷನ್ನಿಂದಲೇ ಆಯ್ತು ಅಂತ ಅದ್ರಿಂದ ಹೇಳೋಕಾಗಲ್ಲ. ನಾನು ಹೇಳಿದ ಅಮೆರಿಕದ ಸ್ಟಡಿ ಮಕ್ಕಳನ್ನೇ 6 ವರ್ಷ ದಾಟಿದ್ಮೇಲೆ ಮತ್ತೆ ಪರೀಕ್ಷೆ ಮಾಡಿ 2024ರಲ್ಲಿ ಬರೆದಿದಾರೆ, ಬುದ್ಧಿ ಬೆಳವಣಿಗೇಲಿ ಎರಡೂ ಕಡೆಯವ್ರಿಗೆ ವ್ಯತ್ಯಾಸ ಕಂಡಿಲ್ಲ. ಹಾಗಂತ ಸುಮ್ಸುಮ್ನೆ ಹಾಕೋದೂ ತಪ್ಪೇ, ಡೆಲಿವರಿ ಆಗೋದು ನಿಜವಾಗ್ಲೂ ಹತ್ರ ಇದ್ರೆ ಮಾತ್ರ.

ಎರಡುಮಕ್ಕಳತಾಯಿ:
ನಾನು ಬೇಡ ಅಂದೆ ನೋಡಿ. ನಂಗೆ ಬಸುರಿ ಆಗೋಕ್ಮುಂಚೇನೇ ಶುಗರ್ ಇತ್ತು, ಅಂಥವ್ರನ್ನ ಆ ಸ್ಟಡೀಲಿ ಸೇರಿಸ್ಕೊಂಡೇ ಇರ್ಲಿಲ್ವಂತೆ, ಇಂಜೆಕ್ಷನ್ ತಾಯಿ ಶುಗರ್ ಏರಿಸುತ್ತೆ ಆಗ ಒಳಗಿರೋ ಮಗು ಇನ್ಸುಲಿನ್ ಜಾಸ್ತಿ ಮಾಡ್ಕೊಳುತ್ತೆ ಹುಟ್ಟಿದ ತಕ್ಷಣ ತಾಯಿ ಕಡೆಯಿಂದ ಬರೋ ಶುಗರ್ ನಿಂತು ದಡಕ್ಕಂತ ಇಳಿಯುತ್ತೆ ಅಂತ ನಮ್ಮ ಮೇಡಂ ಬಿಡಿಸಿ ಹೇಳಿದ್ರು. ನಿಮ್ಗೆ ಶುಗರ್ ಇಲ್ಲ ಅಂದ್ರೆ ನನ್ನ ಉತ್ತರ ನಿಮ್ಗೆ ಹೊಂದಲ್ಲ.

ಹೊಸಅಮ್ಮ:
ಶುಗರ್ ಇಲ್ಲ ಅಕ್ಕ, ಬರೀ ಬಿಪಿ. ಉಸಿರಿಗೆ ಒದ್ದಾಡೋ ಮಗು ನೋಡೋದೇ ನಂಗೆ ಜಾಸ್ತಿ ಭಯ ಅನ್ಸುತ್ತೆ, ಹಿಮ್ಮಡಿ ಚುಚ್ಚೋದು ತಡ್ಕೋಬಹುದು. ಎರಡು ಡೋಸ್ ಅಂತೆ, 24 ಗಂಟೆ ಗ್ಯಾಪಲ್ಲಿ. ಅಷ್ಟರೊಳಗೆ ಡೆಲಿವರಿ ಆಗ್ಬಿಟ್ರೆ?

ಎನ್‌ಐಸಿಯು_ಸಿಸ್ಟರ್:
ಆಗ್ಲಿ ಬಿಡಿ. ಆ ಸ್ಟಡೀಲೂ ಎಷ್ಟೋ ಜನಕ್ಕೆ ಎರಡನೇ ಡೋಸ್ ಸಿಕ್ಕಿರ್ಲಿಲ್ಲ. 35 ವಾರ ಆಗಿರೋವಾಗ ಡೋಸ್ ಮುಗೀಲಿ ಅಂತ ಡೆಲಿವರಿ ಮುಂದೂಡಲ್ಲ, ಅದ್ರಲ್ಲೂ ಬಿಪಿ ಇರೋವಾಗ. ಸಂಜೆ ಹೋದಾಗ ಈ ವಾರದಲ್ಲೇ ಡೆಲಿವರಿ ಆಗೋದು ಎಷ್ಟು ಖಚಿತ, ಮಗು ಶುಗರ್ ಎಷ್ಟು ಗಂಟೆಗೊಂದ್ಸಲ ನೋಡ್ತೀರಾ, ರಾತ್ರಿ ಪಾಳಿಯವ್ರಿಗೂ ಹೇಳಿರ್ತೀರಾ ಅಂತ ಕೇಳಿ. ಅತ್ತೆಯವ್ರನ್ನೂ ಕರ್ಕೊಂಡೇ ಹೋಗಿ.