ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗುವುದಾದರೆ ಏನೇನು ಎಚ್ಚರ ವಹಿಸಬೇಕು?

ಪ್ರಶ್ನೆ: ಸವಳಂಗ ರಸ್ತೆಯ ತಾಯಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾವು ಸವಳಂಗ ರಸ್ತೆಯ ಬದಿಯ ಒಂದು ಹೊಸ ಬಡಾವಣೆಯಲ್ಲಿ ವಾಸವಾಗಿದ್ದೇವೆ. ಬೇಸಿಗೆ ರಜೆಗೆ ಅಮೆರಿಕದಿಂದ ಬಂದಿದ್ದ ನನ್ನ ಅಕ್ಕನ ಮಕ್ಕಳು ಅಲ್ಲಿನ ಹ್ಯಾಲೋವೀನ್ ಹಬ್ಬದ ಕತೆಯನ್ನು ಹೇಳಿದ್ದೇ ತಡ, ನಮ್ಮ ಬೀದಿಯ ಹದಿನಾಲ್ಕು ಮಕ್ಕಳು ಈ ಅಕ್ಟೋಬರ್ 31ರ ಸಂಜೆ ದೆವ್ವ-ಭೂತಗಳ ವೇಷ ಹಾಕಿಕೊಂಡು, ಮನೆಮನೆಯ ಬಾಗಿಲು ತಟ್ಟಿ, 'ಟ್ರಿಕ್ ಆರ್ ಟ್ರೀಟ್' ಎಂದು ಕೇಳಿ ಮಿಠಾಯಿ ಸಂಗ್ರಹಿಸುವುದೆಂದು ತೀರ್ಮಾನಿಸಿಬಿಟ್ಟಿದ್ದಾರೆ. ಎಲ್ಲರಿಗಿಂತ ಚಿಕ್ಕವನಿಗೆ ನಾಲ್ಕು ವರ್ಷ, ದೊಡ್ಡವಳಿಗೆ ಹನ್ನೆರಡು.

ಇದು ನಮ್ಮ ಹಬ್ಬವೇ ಅಲ್ಲವೇ ಎಂಬ ಚರ್ಚೆ ನಮ್ಮ ಮನೆಯ ಜಗುಲಿಯಲ್ಲಿ ಸಾಕಷ್ಟು ಆಗಿದೆ; ಅದನ್ನು ಇಲ್ಲಿ ಮತ್ತೆ ಎತ್ತಬೇಡಿ ಎಂದು ಕೋರುತ್ತೇನೆ. ನನ್ನ ಚಿಂತೆ ಬೇರೆ. ನಮ್ಮ ಬಡಾವಣೆಯಲ್ಲಿ ಅರ್ಧ ಬೀದಿದೀಪಗಳು ಉರಿಯುವುದಿಲ್ಲ, ಎರಡು ಕಡೆ ಚರಂಡಿಗೆ ಚಪ್ಪಡಿಯಿಲ್ಲ, ಖಾಲಿ ನಿವೇಶನಗಳಲ್ಲಿ ಮಳೆಗಾಲದ ಹುಲ್ಲು ಸೊಂಟದೆತ್ತರ ಬೆಳೆದು ನಿಂತಿದೆ, ಬೀದಿನಾಯಿಗಳ ಹಿಂಡೂ ಇದೆ. ಅಪರಿಚಿತರು ಕೊಡುವ ತಿಂಡಿಯಲ್ಲಿ ಏನಾದರೂ ಬೆರೆಸಿದ್ದರೆ ಗತಿಯೇನು ಎಂದು ನಮ್ಮ ಅತ್ತೆಯವರು ದಿನಕ್ಕೆರಡು ಸಲ ಕೇಳುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಸಾಗರದವನು, ಈಗ ನ್ಯೂಜೆರ್ಸಿಯಲ್ಲಿ

ಅಕ್ಕಾ, ನಾನು ಇಲ್ಲಿ ಒಂಬತ್ತು ವರ್ಷಗಳಿಂದ ಇಬ್ಬರು ಮಕ್ಕಳ ಹಿಂದೆ ಟಾರ್ಚ್ ಹಿಡಿದು ಸುತ್ತಿದವನು. ಮೊದಲು ನಿಮ್ಮ ಅತ್ತೆಯವರ ಭಯಕ್ಕೆ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿನ ತಾಯಂದಿರಿಗೂ ಅದೇ ಭಯವಿದೆ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು ಹಲವು ದಶಕಗಳ ವರದಿಗಳನ್ನು ಒಂದೊಂದಾಗಿ ಪರಿಶೀಲಿಸಿದ್ದಾರೆ. ಮನೆಗೆ ಬಂದ ಮಕ್ಕಳಿಗೆ ಅಪರಿಚಿತರು ಹಂಚಿದ ವಿಷದ ಮಿಠಾಯಿಯಿಂದ ಮಗುವೊಂದು ಸತ್ತ ದೃಢಪಟ್ಟ ಪ್ರಕರಣ ಅವರಿಗೆ ಒಂದೂ ಸಿಕ್ಕಿಲ್ಲ. ಎಲ್ಲರೂ ನೆನಪಿಸಿಕೊಳ್ಳುವ 1974ರ ಟೆಕ್ಸಾಸ್ ಪ್ರಕರಣದಲ್ಲಿ ಎಂಟು ವರ್ಷದ ಹುಡುಗನಿಗೆ ಸಯನೈಡ್ ಬೆರೆಸಿದ ಮಿಠಾಯಿ ಕೊಟ್ಟವನು ವಿಮೆಯ ಹಣಕ್ಕೆ ಆಸೆಪಟ್ಟ ಅವನ ಸ್ವಂತ ತಂದೆ. ಹಾಗೆಂದು ಪರೀಕ್ಷಿಸದೆ ತಿನ್ನಿಸಿ ಎನ್ನುತ್ತಿಲ್ಲ. ಚೀಲವನ್ನು ಮನೆಗೆ ತಂದು, ದೀಪದ ಬೆಳಕಿನಲ್ಲಿ ಸುರಿದು, ಹೊದಿಕೆ ಹರಿದದ್ದನ್ನು ಬಿಸಾಡಿ, ಉಳಿದದ್ದನ್ನು ಕೊಡುವುದು ಇಲ್ಲಿನ ರೂಢಿ. ಹೊರಡುವ ಮೊದಲು ಹೊಟ್ಟೆ ತುಂಬ ಊಟ ಹಾಕಿದರೆ ದಾರಿಯಲ್ಲಿ ಬಾಯಿಗೆ ಹಾಕುವ ಚಪಲವೂ ಕಡಿಮೆಯಾಗುತ್ತದೆ.

ನಿಜವಾದ ಅಪಾಯ ಇರುವುದು ರಸ್ತೆಯಲ್ಲಿ. 'ಜಾಮಾ ಪೀಡಿಯಾಟ್ರಿಕ್ಸ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2018ರಲ್ಲಿ ಬಂದ ಅಧ್ಯಯನವೊಂದು, 1975ರಿಂದ 2016ರವರೆಗಿನ 42 ವರ್ಷಗಳ ಅಪಘಾತಗಳನ್ನು ನೋಡಿ, ಒಂದು ವಾರ ಹಿಂದಿನ ಮತ್ತು ಒಂದು ವಾರ ಮುಂದಿನ ಸಂಜೆಗಳಿಗಿಂತ ಹ್ಯಾಲೋವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಲುಕಿ ಸಾಯುವ ಸಂಭವ ಶೇ. 43ರಷ್ಟು ಹೆಚ್ಚೆಂದು ಕಂಡುಕೊಂಡಿತು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಅದು ಸುಮಾರು ಹತ್ತು ಪಟ್ಟು. ಅತಿ ಕೆಟ್ಟ ಹೊತ್ತು ಸಂಜೆ ಆರರ ಆಸುಪಾಸು. ಕಾರಣ ಊಹಿಸುವುದು ಕಷ್ಟವಲ್ಲ. ಆಗಷ್ಟೇ ಕತ್ತಲಾಗಿರುತ್ತದೆ, ಜನ ಕೆಲಸ ಮುಗಿಸಿ ಅವಸರದಲ್ಲಿ ಮನೆಗೆ ಮರಳುತ್ತಿರುತ್ತಾರೆ, ಕಪ್ಪು ಬಟ್ಟೆಯ ಪುಟ್ಟ ದೆವ್ವವೊಂದು ಎರಡು ಕಾರುಗಳ ನಡುವಿನಿಂದ ಎದುರಿನ ಮನೆಗೆ ಓಡುತ್ತದೆ. ಶಿವಮೊಗ್ಗದಲ್ಲೂ ಅಕ್ಟೋಬರ್ ಕೊನೆಗೆ ಆರು ಗಂಟೆಗೇ ಸೂರ್ಯ ಮುಳುಗುವುದರಿಂದ, ನೀವು ಐದಕ್ಕೆ ಹೊರಟು ಆರೂವರೆಯೊಳಗೆ ಮುಗಿಸುವುದು ಉತ್ತಮ. ಇಡೀ ಗುಂಪು ಬೀದಿಯ ಒಂದು ಬದಿಯ ಮನೆಗಳನ್ನು ಪೂರ್ತಿ ಮುಗಿಸಿಕೊಂಡು, ಕೊನೆಯಲ್ಲಿ ಒಂದೇ ಸಲ ರಸ್ತೆ ದಾಟಿ, ಇನ್ನೊಂದು ಬದಿಯಲ್ಲಿ ಹಿಂದಿರುಗಲಿ. ಅಡ್ಡಾದಿಡ್ಡಿ ದಾಟುವುದನ್ನು ತಪ್ಪಿಸಿದರೆ ಅರ್ಧ ಅಪಾಯ ಕಳೆದಂತೆಯೇ.

ವೇಷದ ಬಗ್ಗೆ ಎರಡು ಮಾತು. ಮುಖವಾಡ ಬೇಡ, ಅದರ ಕಣ್ಣಿನ ತೂತಿನಿಂದ ಎದುರಿನದು ಕಂಡರೂ ಪಕ್ಕದಿಂದ ಬರುವ ಸ್ಕೂಟರ್ ಕಾಣುವುದಿಲ್ಲ. ಬಣ್ಣ ಬಳಿಯಿರಿ, ಆದರೆ ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ತುರಿಕೆ ಬರುವುದೇ ನೋಡಿಕೊಳ್ಳಿ. ಲಾರಿಗಳ ಹಿಂದೆ ಅಂಟಿಸುವ ಹೊಳೆಯುವ ಟೇಪು ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಬೆನ್ನಿಗೆ, ಚೀಲಕ್ಕೆ ಒಂದೊಂದು ಪಟ್ಟಿ ಅಂಟಿಸಿ. ನನ್ನ ಮಗ ಮೊದಲ ವರ್ಷ ನೆಲ ಗುಡಿಸುವಷ್ಟು ಉದ್ದದ ನಿಲುವಂಗಿ ತೊಟ್ಟು ಮೂರನೇ ಮನೆಯ ಮೆಟ್ಟಿಲ ಮೇಲೆಯೇ ಮುಗ್ಗರಿಸಿ ಹಲ್ಲು ಮುರಿದುಕೊಂಡ. ಅಂದಿನಿಂದ ನಮ್ಮ ಮನೆಯಲ್ಲಿ ದೆವ್ವಗಳ ಅಂಗಿ ಪಾದದ ಗಂಟಿನಿಂದ ಮೇಲೆಯೇ ಇರುತ್ತದೆ.

ಇನ್ನೊಂದು ವಿಷಯ. ಇಲ್ಲಿ ಬಾಗಿಲ ದೀಪ ಉರಿಯದ ಮನೆಗೆ ಮಕ್ಕಳು ಹೋಗುವುದೇ ಇಲ್ಲ. ದೀಪ ಆರಿಸಿದ್ದರೆ 'ನಮಗೆ ಇಷ್ಟವಿಲ್ಲ' ಎಂದು ಅರ್ಥ. ಅಂಥದೊಂದು ಗುರುತನ್ನು ನೀವೂ ಮಾಡಿಕೊಳ್ಳಿ.

ಉತ್ತರ 2: ಭದ್ರಾವತಿಯ ಓದುಗ

ಎತ್ತಬೇಡಿ ಎಂದರೂ ಎತ್ತುತ್ತಿದ್ದೇನೆ, ಕ್ಷಮಿಸಿ. ಗಣಪತಿ ನೋಡಲು ಮಕ್ಕಳು ಮನೆಮನೆಗೆ ಹೋಗುವುದು ನಮ್ಮಲ್ಲೇ ಇರುವಾಗ ಈ ದೆವ್ವಗಳ ಹಬ್ಬ ಏಕೆ ಬೇಕು? ಕತ್ತಲಲ್ಲಿ ಮಕ್ಕಳನ್ನು ಹೊರಗೆ ಕಳಿಸದಿರುವುದೇ ಸುರಕ್ಷತೆ.

ಉತ್ತರ 3: ನಿವೃತ್ತ ಮೇಷ್ಟ್ರು, ಹೊಸನಗರ

ಭದ್ರಾವತಿಯವರೇ, ಕತ್ತಲಲ್ಲಿ ಮನೆಮನೆಗೆ ಹೋಗುವುದು ನಮ್ಮ ಮಲೆನಾಡಿಗೆ ಹೊಸತಲ್ಲ. ದೀಪಾವಳಿಯ ಬಲಿಪಾಡ್ಯಮಿಯ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು, ಹಾಡುತ್ತ, ಊರಿಂದೂರಿಗೆ ನಡೆಯುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಕಜ್ಜಾಯವನ್ನೋ ಅಕ್ಕಿಯನ್ನೋ ದುಡ್ಡನ್ನೋ ಕೊಟ್ಟು ಕಳಿಸುತ್ತಾರೆ. ಹುಡುಗನಾಗಿದ್ದಾಗ ನಾನೂ ದೊಡ್ಡವರ ಹಿಂದೆ ಹೋಗಿದ್ದೇನೆ. ಅಮಾವಾಸ್ಯೆಯ ಮರುದಿನವಾದ್ದರಿಂದ ಚಂದ್ರನ ಬೆಳಕೆಂಬುದೇ ಇರುವುದಿಲ್ಲ. ಕಾಲುಸಂಕ (ಹಳ್ಳದ ಮೇಲಿನ ಕಿರುಸೇತುವೆ), ತೋಟದ ಬಸಿಗಾಲುವೆ, ದಣಪೆ (ಬೇಲಿಯ ಅಡ್ಡಗಳುಗಳ ಬಾಗಿಲು), ಉಂಬಳ (ಜಿಗಣೆ) ಎಲ್ಲವನ್ನೂ ದಾಟಿ ನಡೆದರೂ ನಮ್ಮಲ್ಲಿ ಯಾರೂ ಕಳೆದುಹೋಗಲಿಲ್ಲ. ಅದು ದೈವಕೃಪೆಯಷ್ಟೇ ಎಂದು ನಾನು ಭಾವಿಸುವುದಿಲ್ಲ, ಗುಂಪಿಗೊಂದು ಶಿಸ್ತಿತ್ತು.

ತಂಗೀ, ಆ ಶಿಸ್ತನ್ನು ನಿಮಗೆ ಹೇಳುತ್ತೇನೆ. ದೀಪ ಹಿಡಿದವನೇ ಮುಂದೆ, ಅವನನ್ನು ಮೀರಿ ಯಾರೂ ಹೆಜ್ಜೆ ಇಡುವಂತಿಲ್ಲ. ಹಿಂದೆ ಇನ್ನೊಂದು ದೀಪ ಹಿಡಿದ ಒಬ್ಬ ಗಟ್ಟಿಗ ಹಿರಿಯ, ಅವನಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ಮಕ್ಕಳೆಲ್ಲ ಆ ಎರಡು ಬೆಳಕುಗಳ ನಡುವೆ. ಪ್ರತಿ ಮನೆಯ ಅಂಗಳದಿಂದ ಹೊರಡುವಾಗ ತಲೆ ಎಣಿಸುತ್ತಿದ್ದರು. ಒಂದು ವರ್ಷ ಹಾಗೆ ಎಣಿಸಿದಾಗ ಒಂದು ತಲೆ ಕಡಿಮೆ ಬಂತು. ಹಿಂದಿರುಗಿ ನೋಡಿದರೆ ನನ್ನ ಚಿಕ್ಕಪ್ಪನ ಮಗ ಕಜ್ಜಾಯ ತಿನ್ನುತ್ತ ಆ ಮನೆಯ ಜಗುಲಿಯ ಮೇಲೆಯೇ ನಿದ್ದೆಹೋಗಿದ್ದ. ಎಣಿಸದೆ ಹೋಗಿದ್ದರೆ ಅವನು ಎಚ್ಚೆತ್ತು, ಒಬ್ಬನೇ ಕತ್ತಲಲ್ಲಿ ನಮ್ಮನ್ನು ಹುಡುಕಿಕೊಂಡು ಸಂಕ ದಾಟಲು ಹೊರಡುತ್ತಿದ್ದ.

ಖಾಲಿ ನಿವೇಶನದ ಹುಲ್ಲಿನ ನಡುವೆ ಅಡ್ಡದಾರಿ ಹಿಡಿಯುವುದನ್ನು ಖಂಡಿತವಾಗಿ ನಿಷೇಧಿಸಿ. ಮಳೆ ಹಿಂದೆ ಸರಿಯುವ ಈ ದಿನಗಳಲ್ಲಿ ಕೊಳಕುಮಂಡಲ, ಕಟ್ಟುಹಾವುಗಳ ಓಡಾಟವಿರುತ್ತದೆ. ಎಲ್ಲ ಮಕ್ಕಳ ಕಾಲಿಗೂ ಮುಚ್ಚಿದ ಬೂಟು ಇರಲಿ, ವೇಷಕ್ಕೆ ಒಪ್ಪದಿದ್ದರೂ ಸರಿಯೇ. ಚಪ್ಪಡಿಯಿಲ್ಲದ ಚರಂಡಿಗಳನ್ನು ಹಗಲಿನಲ್ಲೇ ಹೋಗಿ ನೋಡಿ, ಪಕ್ಕದಲ್ಲಿ ಕೋಲು ನೆಟ್ಟು ಬಿಳಿ ಬಟ್ಟೆ ಕಟ್ಟಿ.

ಉತ್ತರ 4: ದಾದಿ, ತೀರ್ಥಹಳ್ಳಿ ತಾಲ್ಲೂಕು

ಮೇಡಂ, ಗುಂಪಿನಲ್ಲಿ ನಾಲ್ಕು ವರ್ಷದ ಮಗುವಿದೆ ಎಂದಿರಿ. ಅದರ ಚೀಲದಲ್ಲಿ ಇಡೀ ಕಡಲೆಬೀಜ, ಗೋಡಂಬಿ, ಗಟ್ಟಿ ಪೆಪ್ಪರಮೆಂಟು ಇರದಂತೆ ನೋಡಿಕೊಳ್ಳಿ. ಓಡುತ್ತ ನಗುತ್ತ ತಿನ್ನುವಾಗ ಅವು ಶ್ವಾಸನಾಳಕ್ಕೆ ಇಳಿಯುತ್ತವೆ. ಯಾವ ಮಗುವಿಗೆ ಯಾವ ತಿಂಡಿ ಆಗುವುದಿಲ್ಲ ಎಂಬುದನ್ನು ತಾಯಂದಿರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಅಮೆರಿಕದಲ್ಲಿ 2014ರಿಂದ ಕೆಲವು ಮನೆಗಳು ಬಾಗಿಲಲ್ಲಿ ಹಸಿರು-ನೀಲಿ ಬಣ್ಣದ ಕುಂಬಳಕಾಯಿ ಇಟ್ಟು, ಅಲರ್ಜಿಯಿರುವ ಮಕ್ಕಳಿಗೆ ತಿಂಡಿಯ ಬದಲು ಪೆನ್ಸಿಲ್, ಸ್ಟಿಕರ್ ಕೊಡುತ್ತವೆ. ಅದು ನನಗೆ ತುಂಬಾ ಹಿಡಿಸಿತು.

2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಬಂದಿತ್ತು. ಹಬ್ಬ ಹತ್ತಿರವಿದ್ದಾಗ ಹೊಸ್ತಿಲಲ್ಲಿ ಹಣತೆಗಳೂ ಬೀದಿಯಲ್ಲಿ ಪಟಾಕಿಯೂ ಇರುತ್ತವೆ. ನೈಲಾನ್ ಮೇಲಂಗಿಗೆ ಕಿಡಿ ತಾಗಿದರೆ ಅದು ಕರಗಿ ಮೈಗೆ ಅಂಟುತ್ತದೆ. ಹತ್ತಿ ಬಟ್ಟೆಯ ವೇಷ ಒಳ್ಳೆಯದು. ಸುಟ್ಟರೆ ಟೂತ್‌ಪೇಸ್ಟ್ ಹಚ್ಚಬೇಡಿ, 20 ನಿಮಿಷ ನಲ್ಲಿಯ ನೀರು ಬಿಡಿ. ನಾಯಿ ಕಚ್ಚಿದರೆ, ಪರಚಿದರೂ ಸಹ, 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಲಸಿಕೆ ಹಾಕಿಸಿ. ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಮಗುವನ್ನು ನಡೆಸಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ನೇರವಾಗಿ ಮೆಗ್ಗಾನ್ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಬೀದಿಯ ತಾಯಂದಿರೆಲ್ಲ ಕುಳಿತು ಇದನ್ನು ಓದಿದೆವು. ಒಪ್ಪಿಗೆಯಿರುವವರು ಮಾತ್ರ ಗೇಟಿಗೆ ಆಕಾಶಬುಟ್ಟಿ ತೂಗುಹಾಕುವುದು, ಅದಿಲ್ಲದ ಮನೆಯ ಗೇಟನ್ನು ಮಕ್ಕಳು ಮುಟ್ಟದಿರುವುದು ಎಂದು ನಿರ್ಧರಿಸಿದ್ದೇವೆ. ಹನ್ನೊಂದು ಮನೆಯವರು ಒಪ್ಪಿದ್ದಾರೆ. ಯಾವ ಮನೆಯಲ್ಲೂ ಮಕ್ಕಳು ಹೊಸ್ತಿಲು ದಾಟಿ ಒಳಗೆ ಹೋಗುವುದಿಲ್ಲ, ಮನೆಯವರೇ ಹೊರಗೆ ಬಂದು ಕೊಡುತ್ತಾರೆ. ನಾಯಿ ಸಾಕಿದ ಇಬ್ಬರು ಆ ಹೊತ್ತಿಗೆ ಅದನ್ನು ಹಿತ್ತಿಲಲ್ಲಿ ಕಟ್ಟುವುದಾಗಿ ಹೇಳಿದ್ದಾರೆ. ಮುಂದಿನ ಟಾರ್ಚ್ ನನ್ನದು, ಹಿಂದಿನದು ನಮ್ಮ ಯಜಮಾನರದು.

ಮೇಷ್ಟ್ರೇ, ತಲೆ ಎಣಿಸುವ ಕೆಲಸವನ್ನು ನಮ್ಮ ಅತ್ತೆಯವರು ತಾವೇ ಕೇಳಿ ವಹಿಸಿಕೊಂಡಿದ್ದಾರೆ. ಮಿಠಾಯಿಯ ಚೀಲಗಳನ್ನು ತಾವು ನೋಡುವವರೆಗೆ ಯಾರೂ ಬಿಚ್ಚಬಾರದೆಂಬ ಷರತ್ತನ್ನೂ ಹಾಕಿದ್ದಾರೆ.